ಸಮರ್ಕಂದದಲ್ಲಿ ಬಾಯಿ ಮುಚ್ಚಿ ಕೂತದ್ದು

ಮಸ್ಕಿ

ಸಮರ್ಕಂದದಲ್ಲಿ ನೀಲಿ ಗುಮ್ಮಟಗಳಿವೆಯಂತೆ, ಹೌದೇ ಎಂದು ಊರಲ್ಲಿ ಎಲ್ಲರೂ ಕೇಳುತ್ತಾರೆ. ಇವೆ. ನಾನು ಅವನ್ನು ಕಂಡದ್ದು ಎರಡೂ ಕಂಕುಳಲ್ಲಿ ಕರಬೂಜದ ಹಣ್ಣು ಇರುಕಿಕೊಂಡು ಬೆವರುತ್ತಾ ನಡೆಯುವಾಗ, ಅದೂ ಕುತ್ತಿಗೆ ತಿರುಗಿದಷ್ಟೇ. ಅವನ್ನು ಯಾರು ಕಟ್ಟಿಸಿದರು, ಎಷ್ಟು ಎತ್ತರ ಎಂಬುದನ್ನೆಲ್ಲ ಬಲ್ಲವರಿಂದ ತಿಳಿದುಕೊಳ್ಳಿ. ನಾನು ಬರೆಯುತ್ತಿರುವುದು ಆ ಊರಲ್ಲಿ ಹನ್ನೆರಡು ದಿನ ನಗೆಪಾಟಲಾದದ್ದನ್ನು, ಮತ್ತು ಅಲ್ಲಿಗೆ ಹೊತ್ತುಕೊಂಡು ಹೋಗಿದ್ದ ಒಂದು ತಪ್ಪನ್ನು.

ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಸ್ವಭಾವ ನನಗೆ ಗೊತ್ತು, ಕರಬೂಜದ ಕಥೆ ಹೇಳುತ್ತಾ ಮರೆಸಿಬಿಡುತ್ತೇನೆ.

ಮಸ್ಕಿಯಲ್ಲಿ ನನ್ನದು ಬಟ್ಟೆ ಅಂಗಡಿ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಸಂಜೆ ಹೊತ್ತು ನ್ಯಾಯ ಬಗೆಹರಿಸುತ್ತಿದ್ದೆ. ಹೊಲದ ಬದುವಿನ ಜಗಳ, ಅತ್ತೆ ಸೊಸೆಯರ ಮುನಿಸು, ಪರರ ಜೋಳಕ್ಕೆ ನುಗ್ಗಿದ ಎಮ್ಮೆ, ಎಲ್ಲವೂ ನನ್ನ ಮುಂದೆ ಬರುತ್ತಿದ್ದವು. ಬಂದವನು ಅರ್ಧ ಹೇಳುವಷ್ಟರಲ್ಲಿ ನನಗೆ ಪೂರ್ತಿ ತಿಳಿದುಬಿಡುತ್ತಿತ್ತು. "ಸಾಕು, ತಿಳೀತು, ಸುಮ್ನ ಕುಂದ್ರಲೇ" ಎಂದು ತೀರ್ಪು ಕೊಡುತ್ತಿದ್ದೆ. ದಂಡ ಐದು ತೆಂಗಿನಕಾಯಿ. ಯಾವ ತಪ್ಪಿಗಾದರೂ ಐದೇ. ನಲವತ್ತು ವರ್ಷದಲ್ಲಿ ಒಬ್ಬನೇ ಒಬ್ಬನ ಮಾತನ್ನು ಕೊನೆಯವರೆಗೆ ಕೇಳಿದ ನೆನಪು ನನಗಿಲ್ಲ.

ನನ್ನ ಮಗನ ಮಗಳು ನೀಲಮ್ಮ ಡಿಗ್ರಿ ಮುಗಿಸಿ ಮನಶ್ಶಾಸ್ತ್ರ ಓದುತ್ತೇನೆ ಎಂದಳು. ಹತ್ತು ಜನರೆದುರು ಕಟ್ಟೆಯ ಮೇಲೆ ನಾನು ತೀರ್ಪು ಕೊಟ್ಟೆ: "ಹುಚ್ಚರ ನಡುವ ಕುಂದ್ರೋ ಓದು ನಮ್ಮ ಮನೆತನಕ್ಕ ಬ್ಯಾಡ." ಆಕೆ ಕೇಳದೆ ಅರ್ಜಿ ಹಾಕಿದಳು. ಸಂದರ್ಶನಕ್ಕೆ ಬಾ ಎಂಬ ಪತ್ರ ಬಂತು. ಅಂಚೆಯ ಮೌಲಾಸಾಬ ಅದನ್ನು ಅಂಗಡಿಗೆ ತಂದು ನನ್ನ ಕೈಗೇ ಕೊಟ್ಟ. ನಾನು ಒಡೆದು ಓದಿ ಧೋತರದ ಗಂಟಿನ ಕೆಳಗಿಟ್ಟೆ. ಇವತ್ತು ಕೊಟ್ಟರೆ ನನ್ನ ತೀರ್ಪಿನ ಮರ್ಯಾದೆ ಹೋಗುತ್ತದೆ, ನಾಳೆ ಕೊಟ್ಟರಾಯಿತು ಎಂದುಕೊಂಡೆ. ನಾಳೆ ನಾಳೆ ಎನ್ನುತ್ತಾ ಸಂದರ್ಶನದ ದಿನ ದಾಟಿಹೋಯಿತು.

ಪತ್ರ ಬರಲೇ ಇಲ್ಲವೆಂದು ನೀಲಮ್ಮ ಅತ್ತಳು. ಮನೆಯ ಹಿರಿಯನಾಗಿ ನಾನು ಏನಾದರೂ ಮಾಡಬೇಕಾಯಿತು. ಕಾಗದ ಕಳೆದಿದ್ದಾನೆ ಎಂದು ಮೌಲಾಸಾಬನ ಮೇಲೆ ನಾನೇ ದೂರು ಬರೆದೆ. ನನ್ನ ಅಕ್ಷರ ದುಂಡಗೆ ಇರುತ್ತದೆ. ಅವನನ್ನು ಮಸ್ಕಿಯಿಂದ ತೆಗೆದು ಮುದಗಲ್ ಕಡೆಗೆ ಹಾಕಿದರು. ನೀಲಮ್ಮ ಒಂದು ವರ್ಷ ನನ್ನ ಅಂಗಡಿಯಲ್ಲಿ ಕುಪ್ಪಸದ ಕಣದ ಬಟ್ಟೆ ಅಳೆದು ಕೊಡುತ್ತಾ ಕೂತಳು. ಮರುವರ್ಷ ಮತ್ತೆ ಅರ್ಜಿ ಹಾಕಿ, ಈ ಸಲ ಗೆಳತಿಯ ವಿಳಾಸ ಕೊಟ್ಟು, ಓದಲು ಹೋದಳು. ಈಗ ಉಜ್ಬೇಕಿಸ್ತಾನದ ಸಮರ್ಕಂದದಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಾಳೆ.

ಹೋದ ಬೇಸಿಗೆಯಲ್ಲಿ ಆಕೆಯ ಫೋನು ಬಂತು.

"ಮುತ್ಯಾ, ನನಗ ಒಬ್ಬ ಮುದುಕ ಬೇಕಾಗ್ಯಾನ."

"ಅಲ್ಲಿ ಮುದುಕರಿಲ್ಲೇನ್ಬೇ?"

"ಅದಾರ. ಆದ್ರ ಇಲ್ಲಿ ಅಜ್ಜಂದಿರಿಗೆ ನಿಮ್ಮ ತ್ರಾಸು ಹೇಳ್ರಿ ಅಂದ್ರ, ಎಲ್ಲಾ ಭೇಷ್ ಐತಿ ಅಂತ ಎದಿ ಮ್ಯಾಲ ಕೈ ಇಟ್ಕೊಂಡು ಹುಡುಗರಿಗೇ ಚಾ ಹಾಕಿ ಕೊಡ್ತಾರ. ನಮ್ಮ ಹುಡುಗರು ಪುಸ್ತಕದಾಗ ಮನಸ್ಸಿನ ಬಗ್ಗೆ ಎಲ್ಲಾ ಓದ್ಯಾರ. ಎದುರಿಗೆ ಒಬ್ಬ ಮನಷ್ಯಾ ಬಂದು ಕುಂತ್ರ ಏನ್ ಮಾಡಬೇಕಂತ ಗೊತ್ತಿಲ್ಲ. ಕೇಳೋದು, ಸುಮ್ನಿರೋದು, ಅವರ ಕಣ್ಣೀರಿಗೆ ಗಾಬರಿ ಆಗದಿರೋದು, ಇದಕ್ಕ ಸಾಫ್ಟ್ ಸ್ಕಿಲ್ಸ್ ಅಂತಾರ. ಇದನ್ನ ಕಲಸಾಕ ನನಗ ಗೊಣಗೋ ಮುದುಕ ಬೇಕು."

ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ನನ್ನ ಹೆಂಡತಿ ಗಂಗಮ್ಮ ತಲೆ ಎತ್ತದೆ ಹೇಳಿದಳು: "ಹಂಗಾದ್ರ ಇವರನ್ನ ಬಿಟ್ಟು ಬ್ಯಾರೆ ಹುಡುಕಬ್ಯಾಡವ್ವಾ."

"ಸುಮ್ನ ಕೂಡೋದು ಕಲಿಯಾಕ ಕಾಲೇಜು ಬೇಕೇನ?" ಎಂದೆ ನಾನು.

"ನಿನಗ ಬರ್ತದೇನು ಮುತ್ಯಾ?"

ನಾನು ಅಲ್ಲಿ ಮಳೆ ಹೇಗಿದೆ ಎಂದು ಕೇಳಿದೆ.

ಹೋಗುವುದೆಂದು ಆ ದಿನವೇ ನಿಶ್ಚಯಿಸಿದೆ. ಆ ಪತ್ರ ಇನ್ನೂ ನನ್ನ ಬಳಿ ಇತ್ತು. ಸುಡಲು ಧೈರ್ಯ ಬಂದಿರಲಿಲ್ಲ, ಕೊಡಲೂ ಬಂದಿರಲಿಲ್ಲ. ಗಂಗಮ್ಮ ಅರಿವೆಯಲ್ಲಿ ಐವತ್ತು ಖಡಕ್ ರೊಟ್ಟಿ ಕಟ್ಟಿಕೊಟ್ಟಳು. ಆಕೆ ಅತ್ತ ಹೋದಾಗ ಗಂಟು ಬಿಚ್ಚಿ, ಎಲ್ಲಕ್ಕಿಂತ ಕೆಳಗಿನ ರೊಟ್ಟಿಯ ಅಡಿಯಲ್ಲಿ ಪತ್ರವನ್ನಿಟ್ಟು ಮತ್ತೆ ಕಟ್ಟಿದೆ. ಗಂಗಮ್ಮ ಬರಲಿಲ್ಲ. ವಿಮಾನದ ಕಿಡಕಿ ತೆಗೆಯಲು ಬರುವುದಿಲ್ಲವೆಂದು ಯಾರೋ ಹೇಳಿದ್ದರಂತೆ.

ತಾಷ್ಕೆಂಟ್

ಸಿಂಧನೂರಿನಿಂದ ಹೈದರಾಬಾದಿಗೆ ಬಸ್ಸು, ಅಲ್ಲಿಂದ ಎರಡು ವಿಮಾನ. ವಿಮಾನದಲ್ಲಿ ಏನೂ ನಡೆಯಲಿಲ್ಲ. ನಡೆದದ್ದು ಇಳಿದ ಮೇಲೆ.

ಸಾಮಾನು ತಪಾಸಣೆಯ ಯಂತ್ರದಲ್ಲಿ ನನ್ನ ಚೀಲ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಪರದೆಯ ಮೇಲೆ ಒಂದರ ಮೇಲೊಂದು ಐವತ್ತು ದುಂಡನೆಯ ತಟ್ಟೆ ಕಂಡು ಅಧಿಕಾರಿ ಇನ್ನಿಬ್ಬರನ್ನು ಕರೆದ. ರೊಟ್ಟಿಯೊಂದನ್ನು ತೆಗೆದು ಮೇಜಿಗೆ ಬಡಿದು ನೋಡಿದ. ಠಕ್ ಎಂದಿತು. ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಡಬ್ಬಿ ತೆರೆದು ಮೂಗಿನ ಹತ್ತಿರ ತಂದ. ನಾನು ಬೇಡ ಬೇಡವೆಂದು ಕೈ ಆಡಿಸಿದ್ದರಿಂದ ಅವನ ಅನುಮಾನ ಹೆಚ್ಚಿ ಇನ್ನೂ ಆಳವಾಗಿ ಮೂಸಿದ. ಮೂವರೂ ಸರದಿಯ ಮೇಲೆ ಸೀನಿದರು.

ಸೀನು ನಿಂತ ಮೇಲೆ ಅರಿವೆಯ ತಳಕ್ಕೆ ಕೈ ಹಾಕಿ ಆ ಪತ್ರವನ್ನು ಹೊರಗೆಳೆದ. ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳದ್ದು ಈ ಪರದೇಶಿಯ ಕೈಯಲ್ಲಿ! ಏನಿದು ಎಂದು ಹುಬ್ಬಿನಿಂದಲೇ ಕೇಳಿದ. ನನ್ನ ಬಾಯಿಂದ ನಮ್ಮ ಊರ ಸಂತೆಯ ಉರ್ದು ಬಂತು: "ಖತ್."

ಅವನ ಮುಖ ಅರಳಿತು. ಅವರಲ್ಲೂ ಪತ್ರಕ್ಕೆ ಖತ್ ಎಂದೇ ಅನ್ನುತ್ತಾರೆ. ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ, ಯಾವುದೋ ಪ್ರೀತಿಯ ಕಾಗದವೆಂಬಂತೆ ಎರಡೂ ಕೈಯಲ್ಲಿ ಮರಳಿ ಕೊಟ್ಟ. ಬಿಡುವ ಮುನ್ನ ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ. ಆಮೇಲೆ ತುಸು ಹೊತ್ತು ತನ್ನ ಬಂಗಾರದ ಹಲ್ಲು ಇದ್ದಲ್ಲೇ ಇದೆಯೇ ಎಂದು ನಾಲಿಗೆಯಿಂದ ತಡಕುತ್ತಾ ನಿಂತಿದ್ದ.

ಸಮರ್ಕಂದ, ಮೊದಲ ದಿನ

ನೀಲಮ್ಮ ಇರುವುದು ಆಕೆಯ ವಿಭಾಗದ ಹಿರಿಯ ಪ್ರಾಧ್ಯಾಪಕಿ ಗುಲ್‌ನೋರಾ ಅವರ ಮನೆಯ ಮೇಲಿನ ಕೋಣೆಯಲ್ಲಿ. ಅಂಗಳದ ತುಂಬ ದ್ರಾಕ್ಷಿಯ ಹಂದರ. ಎಲ್ಲರೂ ಅವರನ್ನು ಓಪಾ ಎನ್ನುತ್ತಾರೆ. ನಮ್ಮಲ್ಲಿ ಮುಸಲ್ಮಾನರ ಮನೆಗಳಲ್ಲಿ ಅಕ್ಕನಿಗೆ ಆಪಾ ಎನ್ನುವುದಿಲ್ಲವೇ, ಹಾಗೆ. ಅವರು ನನ್ನನ್ನು ಬಾಗಿಲಿನಿಂದ ಅತಿ ದೂರದ, ಹಿರಿಯರಿಗೆಂದೇ ಮೀಸಲಾದ ಜಾಗದಲ್ಲಿ ಕೂಡಿಸಿ ಚಹಾ ಕೊಟ್ಟರು. ಬಟ್ಟಲು ನೋಡಿದೆ. ಅರ್ಧವೂ ಇಲ್ಲ.

ಇಷ್ಟು ದೂರದಿಂದ ಬಂದವನಿಗೆ ಅರ್ಧ ಬಟ್ಟಲು! ಕುಡಿದು ಮುಗಿಸಿದೆ. ಮತ್ತೆ ಹಾಕಿದರು, ಮತ್ತೆ ಅರ್ಧ. ಮೂರನೆಯ ಸಲ ನಾನೇ ಕೆಟಲಿ ಇಸಿದುಕೊಂಡು ಅಂಚಿನವರೆಗೆ ತುಂಬಿಕೊಂಡೆ. ಓಪಾ ಗಾಬರಿಯಿಂದ ಎದ್ದು ನಿಂತರು. ಅವರ ಗಂಡ ನನ್ನ ಚೀಲದ ಕಡೆ ನೋಡಿದ. ನೀಲಮ್ಮ ಹಣೆ ಚಚ್ಚಿಕೊಂಡಳು.

"ಮುತ್ಯಾ, ಇಲ್ಲಿ ಸ್ವಲ್ಪ ಸ್ವಲ್ಪ ಹಾಕಿದ್ರ ಇನ್ನೂ ಕುಂದ್ರ್ರಿ, ನಿಮಗ ಮತ್ತ ಮತ್ತ ಹಾಕಿ ಕೊಡ್ತೀವಿ ಅಂತ ಅರ್ಥ. ತುಂಬ ಹಾಕಿದ್ರ, ಕುಡುದು ಹೊಂಡ್ರಿ ಅಂತ."

ಅಂದರೆ ನಾನು ಬಂದ ಹತ್ತೇ ನಿಮಿಷಕ್ಕೆ ನನ್ನನ್ನು ನಾನೇ ಮನೆಯಿಂದ ಹೊರಗೆ ಹಾಕಿಕೊಂಡಿದ್ದೆ. ಆ ನಾಚಿಕೆಯಲ್ಲಿ ತಟ್ಟೆಯಲ್ಲಿದ್ದ ದಪ್ಪ ರೊಟ್ಟಿಯನ್ನು ಕೈಗೆತ್ತಿಕೊಂಡು ನಮ್ಮ ಅಭ್ಯಾಸದಂತೆ ಕೊಡವಿ ಬೋರಲಾಗಿ ಇಟ್ಟೆ. ಮೂವರೂ ಒಟ್ಟಿಗೆ ಜಿಗಿದು ಅದನ್ನು ಅಂಗಾತ ಮಾಡಿದರು. ರೊಟ್ಟಿಯನ್ನು ಬೋರಲು ಇಡುವುದು ಅಲ್ಲಿ ಅನ್ನಕ್ಕೆ ಮಾಡುವ ಅವಮಾನವಂತೆ.

ಎಲ್ಲರೂ ಎದ್ದು ಹೋದ ಮೇಲೆ ನೀಲಮ್ಮನಿಗೆ ಪತ್ರ ಕೊಡೋಣವೆಂದು ಗಂಟು ಬಿಚ್ಚಿದೆ. ಕೈ ಒಳಗೆ ಹೋಯಿತು. ಹೊರಗೆ ಬಂದಾಗ ಅದರಲ್ಲಿ ರೊಟ್ಟಿ ಇತ್ತು.

"ತಿನ್ನವ್ವಾ" ಎಂದೆ.

ತರಗತಿ

ಎಂಟು ಹುಡುಗ ಹುಡುಗಿಯರು. ಅವರು ಉಜ್ಬೆಕ್ ಮಾತಾಡುತ್ತಾರೆ, ನಾನು ಮಸ್ಕಿ ಕನ್ನಡ. ನಡುವೆ ಒಂದು ಫೋನು ಇಟ್ಟಿದ್ದರು. ನಾನು ಹೇಳಿದ್ದನ್ನು ಅದು ಅವರ ಭಾಷೆಗೆ, ಅವರು ಹೇಳಿದ್ದನ್ನು ಪಂಡಿತರ ಕನ್ನಡಕ್ಕೆ ತಿರುಗಿಸುತ್ತಿತ್ತು. ಆ ಫೋನಿಗೆ ನಮ್ಮ ಕಡೆಯ ಮಾತು ಒಗ್ಗಲಿಲ್ಲ. ನನ್ನ ಹೆಂಡತಿ ಸಿಟ್ಟಿಗೆದ್ದ ಸಂಗತಿಯನ್ನು ನಾನು ವಿವರವಾಗಿ ಹೇಳಿದ ಮೇಲೆ, ಜಸೂರ್ ಎಂಬ ಎತ್ತರದ ಹುಡುಗ ಮರುಕದಿಂದ ಮುಂದಕ್ಕೆ ಬಾಗಿ ಏನೋ ಕೇಳಿದ. ಫೋನು ಗಂಭೀರವಾಗಿ ಹೇಳಿತು: "ಮಾನ್ಯರೇ, ಆ ಒಂಟೆಯು ಪ್ರಸ್ತುತ ಎಲ್ಲಿದೆ?"

ಅಂದು ನನಗೊಂದು ಹೇಡಿ ಉಪಾಯ ಹೊಳೆಯಿತು. ನೀಲಮ್ಮ ಹೊರಗೆ ಹೋದ ಹೊತ್ತು ನೋಡಿ ನನ್ನ ತಪ್ಪನ್ನು ಈ ಫೋನಿನ ಮುಂದೆ ಒಪ್ಪಿಕೊಂಡುಬಿಡಬೇಕು. ಹೇಳಿದ ಹಾಗೂ ಆಯಿತು, ಯಾರಿಗೂ ತಿಳಿಯದ ಹಾಗೂ ಆಯಿತು. ಮನಸ್ಸು ಹಗುರವಾದರೆ ಸಾಕು, ಪತ್ರವನ್ನು ಮರಳಿ ಮಸ್ಕಿಗೆ ಒಯ್ಯಬಹುದು.

ಮೊದಲ ಅಭ್ಯಾಸ ಹೀಗಿತ್ತು: ಒಬ್ಬರು ಐದು ನಿಮಿಷ ತಮ್ಮ ತ್ರಾಸು ಹೇಳಬೇಕು, ಎದುರಿನವರು ಬಾಯಿ ತೆಗೆಯದೆ ಕೇಳಬೇಕು. ನಾನು "ನನ್ನ ಮೊಣಕಾಲು" ಎಂದೆ ಅಷ್ಟೇ. ಜಸೂರ್ ಬೆಚ್ಚಗಿನ ಉಪ್ಪು, ಕುರಿಯ ಕೊಬ್ಬು, ಮುಂಜಾನೆಯ ನಡಿಗೆ, ತನ್ನ ಚಿಕ್ಕಪ್ಪ ಮಾಡಿಸಿಕೊಂಡ ಶಸ್ತ್ರಕ್ರಿಯೆ ಎಲ್ಲವನ್ನೂ ಹೇಳಿ ಮುಗಿಸಿದ. ನನಗೆ ತಡೆಯಲಾಗಲಿಲ್ಲ. ಕಟ್ಟೆಯ ಮೇಲಿನ ದನಿ ತಾನಾಗಿ ಬಂತು.

"ಏ, ಸುಮ್ನ ಕುಂದ್ರಲೇ! ಐದು ತೆಂಗಿನಕಾಯಿ ದಂಡ!"

ನೀಲಮ್ಮ ನಗು ತಡೆದುಕೊಂಡು ನಮ್ಮೂರ ರಿವಾಜನ್ನು ಅವರಿಗೆ ವಿವರಿಸಿದಳು. ಹುಡುಗರು ಅದನ್ನು ಪಾಠವೆಂದೇ ತಿಳಿದು ಪುಸ್ತಕದಲ್ಲಿ ಬರೆದುಕೊಂಡರು. ಸಮರ್ಕಂದದಲ್ಲಿ ತೆಂಗಿನಕಾಯಿ ಎಲ್ಲಿಂದ ತರಬೇಕು? ಮರುದಿನ ಜಸೂರ್ ಐದು ಕರಬೂಜದ ಹಣ್ಣುಗಳನ್ನು ಮಕ್ಕಳನ್ನು ಎತ್ತಿಕೊಂಡಂತೆ ಎತ್ತಿಕೊಂಡು ಎರಡು ಸಲ ಮೆಟ್ಟಿಲು ಹತ್ತಿ ಬಂದ. ಒಂದೊಂದೂ ಕೂಸಿನಷ್ಟು ಭಾರ. ಅಂದಿನಿಂದ ತರಗತಿಯ ಕಾನೂನು ಅದೇ ಆಯಿತು: ಇನ್ನೊಬ್ಬರ ಮಾತು ಕಡಿದವರು ಒಂದು ಕರಬೂಜ ತರಬೇಕು.

ಎರಡನೆಯ ಅಭ್ಯಾಸದಲ್ಲಿ ಎದುರಿನವರು ಹೇಳಿದ್ದನ್ನು ಕನ್ನಡಿಯಂತೆ ಅವರಿಗೇ ತಿರುಗಿಸಿ ಹೇಳಬೇಕು. ಫೋನು ಬೇಡವೆಂದು ಆ ಹೊತ್ತು ನೀಲಮ್ಮನೇ ನಡುವೆ ಕೂತಳು. ಗಂಗಮ್ಮನ ಮೇಲಿನ ನನ್ನ ದೂರನ್ನು ಒಬ್ಬ ಹುಡುಗಿ ಕೇಳಿಸಿಕೊಂಡು ತಿರುಗಿಸಿ ಹೇಳಿದಳು: "ನಿಮ್ಮ ಹೆಂಡತಿ ಅಡಿಗಿ ಮಾಡ್ಯಾರ. ನೀವು ಊಟಕ್ಕ ಹತ್ತು ಮಂದಿನ ಹೇಳದ ಕರಕೊಂಡು ಬಂದೀರಿ. ಅವರು ಮಾತಾಡಲಿಲ್ಲ ಅಂತ ನಿಮಗ ಬ್ಯಾಸರಾಗ್ಯದ." ನನ್ನದೇ ಮಾತು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಗಂಗಮ್ಮನ ಪರವಾಗಿ ನಾನೇ ನನಗೆ ದಂಡ ಹಾಕಬೇಕೆನಿಸಿತು.

ಇನ್ನೊಂದು ದಿನ ಖಾಲಿ ಕುರ್ಚಿಯ ಅಭ್ಯಾಸ. ಮನಸ್ಸಿನಲ್ಲಿ ಯಾರ ಮೇಲೆ ನೋವಿದೆಯೋ ಅವರು ಆ ಕುರ್ಚಿಯಲ್ಲಿ ಕೂತಿದ್ದಾರೆಂದು ತಿಳಿದು ಮಾತಾಡಬೇಕು. ನನಗಿದು ಗೊತ್ತಿರಲಿಲ್ಲ. ನಾನು ಕಾಲು ಮಡಿಯಲು ಶೌಚಾಲಯಕ್ಕೆ ಹೋಗಿದ್ದೆ. ಮರಳಿ ಬಂದು ನೋಡಿದರೆ ಮಲಿಕಾ ಎಂಬ ಸಣ್ಣ ದನಿಯ ಹುಡುಗಿ ಖಾಲಿ ಕುರ್ಚಿಯೊಂದರ ಎದುರು ಕೂತು ಅಳುತ್ತಾ ಮಾತಾಡುತ್ತಿದ್ದಳು. ಪಾಪ, ಕೇಳಲು ಯಾರೂ ಇಲ್ಲವಲ್ಲ ಎಂದು ಹೋಗಿ ಕೂತುಬಿಟ್ಟೆ. ಮಲಿಕಾ ನನ್ನನ್ನು ಒಂದು ಕ್ಷಣ ನೋಡಿ, ಮಾತು ಮುಂದುವರಿಸಿದಳು. ಅದು ಆಕೆ ತನ್ನ ಅಕ್ಕನಿಗೆ ಹೇಳುತ್ತಿದ್ದ ಮಾತು ಎಂದು ಆಮೇಲೆ ತಿಳಿಯಿತು. ಒಂದಕ್ಷರ ಅರ್ಥವಾಗದಿದ್ದರೂ ನಾನು ಕೊನೆಯವರೆಗೆ ಕೂತು ತಲೆಯಾಡಿಸಿದೆ. ಅರ್ಥವಾಗಿದ್ದರೆ ಖಂಡಿತ ನಡುವೆ ಬಾಯಿ ಹಾಕುತ್ತಿದ್ದೆ.

"ಮುತ್ಯಾ, ಜಿಂದಗಿಯೊಳಗ ಮೊದಲ ಸಲ ಒಬ್ಬರ ಮಾತು ಪೂರ್ತಿ ಕೇಳಿದಿ" ಎಂದಳು ನೀಲಮ್ಮ. "ಅದೂ ಬ್ಯಾರೆಯವರ ಕುರ್ಚಿ ಮ್ಯಾಲ ಕುಂತು."

ಬಜಾರು

ಕಾನೂನು ಎಲ್ಲರಿಗೂ ಒಂದೇ ಎಂದು ನಾನೇ ಹೇಳಿದ್ದರಿಂದ ಕೆಟ್ಟೆ. ನಾಲ್ಕು ದಿನದಲ್ಲಿ ಎಂಟು ವಿದ್ಯಾರ್ಥಿಗಳು ಸೇರಿ ತಂದ ಕರಬೂಜ ಆರು. ನಾನೊಬ್ಬನೇ ತಂದದ್ದು ಹನ್ನೊಂದು. ದಿನವೂ ಬಜಾರಿಗೆ ಹೋಗುತ್ತಿದ್ದೆ. ಗುಮ್ಮಟಗಳನ್ನು ಕಂಡದ್ದು ಆಗಲೇ.

ಅಲ್ಲಿ ನನಗೆ ಪರಕೀಯ ಅನಿಸಲಿಲ್ಲ. ಬಜಾರಿಗೆ ಬಜಾರೇ, ದುಕಾನಿಗೆ ದುಕಾನೇ, ಉಳ್ಳಾಗಡ್ಡಿಗೆ ಪಿಯಾಜೇ. ಸಿಂಧನೂರಿನ ಸಂತೆಯಲ್ಲಿ ಕೇಳಿದ ಮಾತುಗಳೇ ತುಸು ಬಾಯಿ ಗುಂಡಗೆ ಮಾಡಿಕೊಂಡು ತಿರುಗಾಡುತ್ತಿದ್ದವು. ಹಣ್ಣಿನ ಮುದುಕ ನನ್ನನ್ನು ಗುರುತಿಟ್ಟುಕೊಂಡ. ಮೂರನೆಯ ದಿನ ನನ್ನನ್ನು ದೂರದಲ್ಲಿ ಕಂಡೊಡನೆ ಎರಡು ಹಣ್ಣು ಬೇರೆ ತೆಗೆದಿಟ್ಟು, ಇಂದು ಎಷ್ಟು ಎಂದು ಬೆರಳು ಮಾಡಿ ಕೇಳಿದ. ನಾನು ಮೂರು ಬೆರಳು ತೋರಿಸಿದೆ. ನನಗೆ ದೊಡ್ಡ ಸಂಸಾರವಿದೆಯೆಂದು ತಿಳಿದು ಗೌರವದಿಂದ ಎದೆಯ ಮೇಲೆ ಕೈಯಿಟ್ಟ.

ಮನೆಯಲ್ಲಿ ಮಾತ್ರ ಇನ್ನೊಂದು ಲೆಕ್ಕ ನಡೆಯುತ್ತಿತ್ತು. ಪ್ರತಿ ಸಂಜೆ ಪತ್ರ ಕೊಡಲೆಂದು ಕೈ ಗಂಟಿನೊಳಗೆ ಹೋಗುತ್ತಿತ್ತು, ರೊಟ್ಟಿ ಹಿಡಿದು ಹೊರಬರುತ್ತಿತ್ತು.

"ಎಷ್ಟ್ ರೊಟ್ಟಿ ತಿನ್ನಸ್ತಿ ಮುತ್ಯಾ? ದವಡಿ ನೋಯಾಕತ್ಯಾವು" ಎಂದಳು ನೀಲಮ್ಮ.

ಆಕೆಗೆ, ಓಪಾಗೆ, ಓಪಾ ಅವರ ಗಂಡನಿಗೆ, ವಿದ್ಯಾರ್ಥಿಗಳಿಗೆ, ಎಲ್ಲರಿಗೂ ಕೊಟ್ಟೆ. ಐವತ್ತು ಇದ್ದದ್ದು ಒಂಬತ್ತನೆಯ ದಿನಕ್ಕೆ ಮೂರಾಯಿತು. ಪತ್ರದ ಮೂಲೆ ಅಂಚಿನಲ್ಲಿ ಇಣುಕತೊಡಗಿತು.

ಪರೀಕ್ಷೆಯ ದಿನ

ಹತ್ತನೆಯ ದಿನ ವಿದ್ಯಾರ್ಥಿಗಳ ಪರೀಕ್ಷೆ. ಓಪಾ ಹಿಂದೆ ಕೂತು ನೋಡುವವರು. ಒಬ್ಬೊಬ್ಬರೂ ಅರ್ಧ ಗಂಟೆ ನನ್ನ ತ್ರಾಸು ಕೇಳಬೇಕು. ಮೊದಲು ಮಲಿಕಾ. ಬೆಳಿಗ್ಗೆ ಕೊನೆಯ ರೊಟ್ಟಿಯನ್ನು ತಿಂದು, ಪತ್ರವನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಹೋದೆ. ಪರೀಕ್ಷೆಯ ಹೊತ್ತಲ್ಲಿ ನೀಲಮ್ಮ ಒಳಗಿರಲಾರಳು, ಇವತ್ತು ಫೋನಿಗೆ ಹೇಳಿಬಿಡುವುದು, ಆ ಒಂಟೆ ಎಲ್ಲಿಗಾದರೂ ಹೋಗಲಿ, ಎಂದು ನಿಶ್ಚಯಿಸಿದ್ದೆ.

ಮೇಜಿನ ಮೇಲೆ ಫೋನು ಇರಲಿಲ್ಲ. ಮೂರು ಕುರ್ಚಿಗಳಿದ್ದವು. ಒಂದರಲ್ಲಿ ಮಲಿಕಾ, ಒಂದು ನನಗೆ, ನನ್ನ ಪಕ್ಕದ್ದರಲ್ಲಿ ನೀಲಮ್ಮ.

"ಫೋನ್ ಎಲ್ಲೈತಿ?"

"ಪರೀಕ್ಷಾದಾಗ ಫೋನ್ ಬ್ಯಾಡಂತ ಓಪಾ ಹೇಳ್ಯಾರ. ನಾನೇ ಹೇಳ್ತೀನಿ. ನೀ ಹೇಳಿದ್ದನ್ನ ನಾನೇ ಅನ್ನೋ ಹಂಗ ಹೇಳಬೇಕು. ಒಂದು ಮಾತು ಕೂಡಸೋ ಹಂಗಿಲ್ಲ, ಕಳಿಯೋ ಹಂಗಿಲ್ಲ, ಮುಖ ಸೈತ ತೋರಸೋ ಹಂಗಿಲ್ಲ. ನಾ ಇಲ್ಲಿ ಇಲ್ಲ ಅಂತ ತಿಳ್ಕೋ."

ಇಲ್ಲ ಎಂದು ಹೇಗೆ ತಿಳಿದುಕೊಳ್ಳಲಿ? ಆಕೆಯ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು.

ಮಲಿಕಾ ತನ್ನ ಸಣ್ಣ ದನಿಯಲ್ಲಿ ಏನೋ ಹೇಳಿದಳು. ನೀಲಮ್ಮ ಅದನ್ನು ಹೇಳಿದಳು: "ಏನ್ ಹೇಳಬೇಕು ಅನಸ್ತದ, ಅದನ್ನ ಹೇಳ್ರಿ. ಅವಸರಿಲ್ಲ."

"ಮೊಣಕಾಲು ನೋಯಾಕತ್ತೈತಿ" ಎಂದೆ.

"ಮೆನ್..." ಎಂದು ಶುರುಮಾಡಿ ನೀಲಮ್ಮ ಹೇಳಿದಳು. ಮೆನ್ ಎಂದರೆ ಅವರಲ್ಲಿ ನಾನು. ಹತ್ತು ದಿನದಲ್ಲಿ ಅಷ್ಟು ಕಲಿತಿದ್ದೆ. ನನ್ನ ಮೊಣಕಾಲು ನನ್ನ ಮೊಮ್ಮಗಳ ದನಿಯಲ್ಲಿ ನೋಯತೊಡಗಿತು.

ಮಲಿಕಾ ತಲೆಯಾಡಿಸಿದಳು. ಮಾತಾಡಲಿಲ್ಲ.

"ಎಡಗಾಲು" ಎಂದೆ. ಆಕೆ ಸುಮ್ಮನೆ ಇದ್ದಳು. "ಮೆಟ್ಟಲಾ ಹತ್ತುವಾಗ" ಎಂದೆ. ಸುಮ್ಮನೆ ಇದ್ದಳು. ಮೊಣಕಾಲು ಅಲ್ಲಿಗೆ ಮುಗಿಯಿತು. ಸಹಾಯಕ್ಕೆ ಜಸೂರನ ಕಡೆ ನೋಡಿದೆ. ಕುರಿಯ ಕೊಬ್ಬಿನ ಸುದ್ದಿಯನ್ನಾದರೂ ತೆಗೆಯಬಾರದೇ? ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ.

ಅಂಥ ಸುಮ್ಮನಿರುವಿಕೆಯನ್ನು ನಾನು ಕಂಡವನಲ್ಲ. ನನ್ನ ಕಟ್ಟೆಯ ಮೇಲೆ ಮಾತು ನಿಂತ ಕೂಡಲೇ ನಾನು ತುಂಬುತ್ತಿದ್ದೆ. ಇಲ್ಲಿ ಯಾರೂ ತುಂಬಲಿಲ್ಲ. ಆ ಹುಡುಗಿ ಅವಸರವಿಲ್ಲದೆ, ನಾನು ಹೇಳುವುದು ಇನ್ನೂ ಇದೆ ಎಂದು ಗೊತ್ತಿರುವವಳಂತೆ, ಕೂತಿದ್ದಳು. ಆಕೆಯ ಅಕ್ಕನ ಕುರ್ಚಿಯಲ್ಲಿ ನಾನು ಕೂತದ್ದು ನೆನಪಾಯಿತು. ಬಾಯಿ ತಾನೇ ತೆರೆಯಿತು.

"ನಾ ಒಬ್ಬರ ಕಾಗದ ಬಚ್ಚಿಟ್ಟೀನಿ."

ನೀಲಮ್ಮ ಹೇಳಿದಳು. ಮೆನ್, ಖತ್, ಎರಡು ಮಾತು ನನಗೆ ತಿಳಿದವು. ಯಾರ ಕಾಗದವೆಂದು ಮಲಿಕಾ ಕೇಳಲಿಲ್ಲ.

"ನನ್ನ ಮೊಮ್ಮಗಳದು."

ಪಕ್ಕದ ಮೊಣಕೈ ಅಲುಗಿ ದೂರವಾಯಿತು. ನಾನು ಆ ಕಡೆ ನೋಡಲಿಲ್ಲ. ಎಷ್ಟು ಹೊತ್ತಾಯಿತೋ. ಕಿಡಕಿಯ ಬಳಿ ರಾಶಿಯಾಗಿದ್ದ ಕರಬೂಜಗಳ ವಾಸನೆ ಮಾತ್ರ ಬರುತ್ತಿತ್ತು. ಆಮೇಲೆ ನೀಲಮ್ಮನ ದನಿ ಕೇಳಿತು.

"ಮೆನ್..."

ಪೂರ್ತಿ ಹೇಳಿದಳು. ಒಂದು ಮಾತು ಕೂಡಿಸಲಿಲ್ಲ ಎಂದು ನಂಬುತ್ತೇನೆ, ಕಳೆಯಲಿಲ್ಲ ಎಂದೂ. ಸಂದರ್ಶನದ ದಿನ ದಾಟಿದ್ದನ್ನು ಹೇಳಿದೆ, ಆಕೆ 'ಮೆನ್' ಎಂದಳು. ಮೌಲಾಸಾಬನ ಮೇಲೆ ದೂರು ಬರೆದದ್ದನ್ನು ಹೇಳಿದೆ, ಆಕೆ 'ಮೆನ್' ಎಂದಳು. ತನಗೆ ಮಾಡಿದ ಅನ್ಯಾಯವನ್ನು, ನಾನೇ ಮಾಡಿದೆ ನಾನೇ ಮಾಡಿದೆ ಎಂದು ಆ ಹುಡುಗಿ ನನ್ನ ಪರವಾಗಿ ಒಪ್ಪಿಕೊಳ್ಳುತ್ತಾ ಹೋದಳು.

"ಆಕಿ ಅಳಾಕತ್ತಿದ್ಲು. ನಾನೇ ನೀರು ತಂದು ಕೊಟ್ಟೆ" ಎಂದು ಮುಗಿಸಿದೆ. ಅದನ್ನು ಹೇಳುವಾಗ ಮಾತ್ರ ಆಕೆಯ ದನಿ ಒಮ್ಮೆ ಒಡೆಯಿತು.

ಮಲಿಕಾ ಮೆಲ್ಲಗೆ ಏನೋ ಕೇಳಿದಳು. ನೀಲಮ್ಮ ನೇರವಾಗಿ ಗೋಡೆ ನೋಡುತ್ತಾ ಕನ್ನಡಕ್ಕೆ ತಂದಳು: "ಇಷ್ಟು ವರ್ಷ ಅದನ್ನ ನೀವು ಹೊತ್ಕೊಂಡು ತಿರುಗೀರಿ. ಅದು ಈಗೆಲ್ಲೈತಿ?"

ಜೇಬಿನಿಂದ ತೆಗೆದೆ. ರೊಟ್ಟಿಯ ಹಿಟ್ಟು ಅಂಟಿತ್ತು. ಮಲಿಕಾ ಕೈ ಚಾಚಲಿಲ್ಲ. ನಾನು ಪಕ್ಕದ ಕುರ್ಚಿಯ ಕಡೆಗೆ ತಿರುಗಿದೆ.

ನೀಲಮ್ಮ ತೆಗೆದುಕೊಂಡಳು, ಹಿಟ್ಟು ಜಾಡಿಸಿದಳು, ಎದ್ದು ಹೊರಗೆ ಹೋದಳು.

ಓಪಾ ಪೆನ್ನು ಕೆಳಗಿಟ್ಟರು. ಮಲಿಕಾ ಮುಖ ಮುಚ್ಚಿಕೊಂಡು ಅತ್ತಳು. ಕೊನೆಗೆ ಜಸೂರ್, ಯಾರೂ ದಂಡ ಹಾಕದಿದ್ದರೂ, ಕಿಡಕಿಯ ಬಳಿ ಹೋಗಿ ಅತಿ ದೊಡ್ಡ ಕರಬೂಜವನ್ನು ಎತ್ತಿ ತಂದು ನನ್ನ ಮಡಿಲಲ್ಲಿಟ್ಟ. ಅದನ್ನು ಅಪ್ಪಿಕೊಂಡು ಬಹಳ ಹೊತ್ತು ಕೂತಿದ್ದೆ.

ದ್ರಾಕ್ಷಿಯ ಹಂದರ

ಸಂಜೆ ಹಂದರದ ಕೆಳಗೆ ನೀಲಮ್ಮ ಎದುರಿಗೆ ಬಂದು ಕೂತಳು. ಕೆಟಲಿ ಎತ್ತಿ ನನ್ನ ಬಟ್ಟಲಿಗೆ ಚಹಾ ಹಾಕತೊಡಗಿದಳು. ನಾನು ಬಟ್ಟಲನ್ನೇ ನೋಡುತ್ತಿದ್ದೆ. ಕಾಲು ಭಾಗ ಆಯಿತು, ಅರ್ಧ ಆಯಿತು, ಆಕೆ ನಿಲ್ಲಿಸಲಿಲ್ಲ. ಅಂಚಿಗೆ ಬಂತು, ತಟ್ಟೆಗೂ ಚೆಲ್ಲಿತು.

ನಾನು ಎದ್ದು ಒಳಗೆ ಹೋಗಿ ಧೋತರ ಮಡಚಿ ಚೀಲಕ್ಕೆ ಹಾಕತೊಡಗಿದೆ.

"ಎಲ್ಲಿಗೆ ಹೊಂಟೀ?"

"ತುಂಬ ಹಾಕಿದೆಲ್ಲವ್ವಾ. ಹೋಗಂತ ಅಂದ್ಹಂಗಾತು."

ಆಕೆ ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ, ಅಳುವೋ ನಗುವೋ ತಿಳಿಯದ ಹಾಗೆ, ಬಾಗಿಲಿಗೆ ಒರಗಿ ನಕ್ಕಳು.

"ಸಿಟ್ಟಿನಾಗ ಕೈ ನಿಲ್ಲಲಿಲ್ಲ ಮುತ್ಯಾ. ಬಾ, ಕುಂದ್ರು."

ಕೂತೆ. ತುಂಬಿದ ಬಟ್ಟಲನ್ನು ಚೆಲ್ಲದಂತೆ ಬಾಗಿ ಹೀರಿದೆ.

"ನಿನ್ನ ಮಾಫ್ ಮಾಡೀನಿ ಅಂತ ತಿಳ್ಕೋಬ್ಯಾಡ" ಎಂದಳು. "ಒಂದು ವರ್ಷ ನಿನ್ನ ಅಂಗಡ್ಯಾಗ ಕುಂತು ನನ್ನ ನಸೀಬಕ್ಕ ಬೈದೀನಿ. ಮೌಲಾಸಾಬ ಕಾಕಾಗ ಬೈದೀನಿ. ಆತ ದಾರ್ಯಾಗ ಸಿಕ್ಕ್ರ ಮುಖ ತಿರುವೀನಿ."

"ಯಾಕ ಮಾಡಿದ್ನೆಪಾ ಅಂದ್ರ..." ಎಂದು ಶುರುಮಾಡಿದೆ.

"ಕರಬೂಜ" ಎಂದಳು. ಬಾಯಿ ಮುಚ್ಚಿದೆ.

"ಎಲ್ಲಾರಿಗೂ ನೀ ದಂಡ ಹಾಕಿದಿ. ನಿನಗ ನಾ ಹಾಕ್ತೀನಿ. ತೆಂಗಿನಕಾಯಿ ಅಲ್ಲ. ಊರಿಗೆ ಹೋದಮ್ಯಾಲ ಮೌಲಾಸಾಬ ಕಾಕಾನ ಮನಿಗೆ ಹೋಗು. ಮೂರೇ ಮಾತು ಹೇಳು. ಕಾಗದ ನೀವು ಕೊಟ್ರಿ. ಬಚ್ಚಿಟ್ಟಾವ ನಾ. ದೂರು ಬರದಾವ ನಾ. ಆಮ್ಯಾಲ ಆತ ಮುಗೀತು ಅನ್ನೋತನಕ ಕೇಳು. ನಡುವ ಒಂದು ಮಾತು ಆಡಬ್ಯಾಡ. ಹ್ಞೂಂ ಸೈತ ಅನಬ್ಯಾಡ."

ಅಷ್ಟು ಹೇಳಿ, ಪತ್ರದ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆನ್ನಿನ ಕಡೆ ಬರೆದಳು: 'ಮುಟ್ಟಿತು. ನೀಲಮ್ಮ.' ಒಳಗಿನ ಕಾಗದವನ್ನು ತಾನಿಟ್ಟುಕೊಂಡು ಖಾಲಿ ಲಕೋಟೆಯನ್ನು ನನಗೆ ಕೊಟ್ಟಳು.

"ಇದನ್ನ ಕಾಕಾಗ ಕೊಡು. ಆತನ ಕೆಲಸ ಆತ ಮಾಡ್ಯಾನ."

ಉಳಿದ ಎರಡು ದಿನ ಆಕೆ ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಚಹಾ ಮಾತ್ರ ಅರ್ಧ ಬಟ್ಟಲು ಹಾಕಿದಳು.

ಮುದಗಲ್

ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಹೋದೆ. ಮೌಲಾಸಾಬ ನಿವೃತ್ತನಾಗಿ ಕೋಟೆಯ ಹತ್ತಿರ ಎರಡು ಕೋಣೆಯ ಮನೆಯಲ್ಲಿದ್ದಾನೆ. ಮುಂದೆ ಬೇವಿನ ಗಿಡ, ಗಿಡಕ್ಕೆ ಕಟ್ಟಿದ ಎರಡು ಆಡು. ನನ್ನನ್ನು ಕಂಡು ಎದ್ದು ನಿಂತ.

"ಸಾವ್ಕಾರ್ರು! ಬರ್ರಿ ಬರ್ರಿ!"

ನಾನು ನಿಂತೇ ಆ ಮೂರು ಮಾತು ಹೇಳಿದೆ. ಲಕೋಟೆ ಕೊಟ್ಟೆ. ಅವನು ಒಳಗೆ ಹೋಗಿ ಕನ್ನಡಕ ತಂದು, ಮೊದಲು ವಿಳಾಸ ಓದಿದ, ಮುದ್ರೆ ನೋಡಿದ, ಆಮೇಲೆ ಹಿಂದೆ ತಿರುಗಿಸಿ 'ಮುಟ್ಟಿತು' ಎಂಬುದನ್ನು ಓದಿದ. ಅಂಗಿಯ ತುದಿಯಿಂದ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಅವನು ಹೊರಸಿನ ಮೇಲೆ ಕೂತು, ಪಕ್ಕದಲ್ಲಿ ಕೈ ತಟ್ಟಿ ನನ್ನನ್ನೂ ಕೂಡಿಸಿ, ಶುರುಮಾಡಿದ.

"ನಾ ಕೆಲಸಕ್ಕ ಸೇರಿದ ದಿನ ಏನಾತಂದ್ರರೀ, ಸೈಕಲ್ ಇರಲಿಲ್ಲ..."

ಮಧ್ಯಾಹ್ನವಾಯಿತು. ಅವನು ಇನ್ನೂ ಮೊದಲನೆಯ ಸೈಕಲ್ಲಿನಲ್ಲೇ ಇದ್ದ. ನಡುವೆ ಎದ್ದು, "ಚಾ ಕುಡೀತೀರೇನ್ರಿ?" ಎಂದು ಕೇಳಿದ. ನಾನು ಉತ್ತರ ಕೊಡುವ ಹಾಗಿಲ್ಲ. ಸುಮ್ಮನೆ ನೋಡಿದೆ. ಮತ್ತೊಮ್ಮೆ ಕೇಳಿ ಕೂತುಬಿಟ್ಟ. ಒಳಗಿನಿಂದ ಅವನ ಹೆಂಡತಿ ಮೆಲ್ಲಗೆ ಹೇಳಿದ್ದು ಕೇಳಿಸಿತು: "ಪಾಪ, ಸಾವ್ಕಾರ್ರಿಗೆ ಬಾಯಿ ಹೋದಂಗ ಕಾಣಸ್ತೈತಿ." ಚಹಾ ಬರಲಿಲ್ಲ.

ಬಸ್ಸಿನ ಹೊತ್ತಿಗೆ, ಮುಗಿಯಿತೇ ಎಂಬಂತೆ ಮುಖ ಮಾಡಿದೆ.

"ಇನ್ನ ಎಲ್ಲಿ ಮುಗೀತದರಿ? ನಾಳಿ ಬರ್ರಿ" ಎಂದ.

ಇಂದಿಗೆ ಆರು ದಿನವಾಯಿತು. ದಿನವೂ ಹೋಗುತ್ತೇನೆ. ಅವನ ತಂಗಿಯ ಮದುವೆ, ಹಳ್ಳ ದಾಟುವಾಗ ತೇಲಿಹೋದ ಟಪಾಲಿನ ಚೀಲ, ಅದರ ಹಿಂದೆ ಈಜಿದ್ದು, ಒಂದು ಕಾಗದವೂ ನೆನೆಯದ ಹಾಗೆ ಹೊರಗೆ ತಂದದ್ದು, ಎಲ್ಲವನ್ನೂ ಕೇಳಿದೆ. ಆಡಿನ ವಿಷಯದಲ್ಲಿ ಅವನಿಗೂ ನೆರೆಯವನಿಗೂ ಒಂದು ತಕರಾರಿದೆ, ಅದಕ್ಕೆ ಸರಿಯಾದ ತೀರ್ಪು ನನಗೆ ಎರಡನೆಯ ದಿನವೇ ಹೊಳೆದಿದೆ. ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದುಕೊಂಡು ಕೂರುತ್ತೇನೆ. ಆ ಲಕೋಟೆಯನ್ನು ಅವನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿ ಇಟ್ಟಿದ್ದಾನೆ. ಬಂದವರಿಗೆಲ್ಲ ತೋರಿಸುತ್ತಾನೆ, ಯಾರು ಬಚ್ಚಿಟ್ಟದ್ದು ಎಂದೂ ನನ್ನ ಕಡೆ ಕೈ ಮಾಡಿ ಹೇಳುತ್ತಾನೆ. ಅವರೆಲ್ಲ ನನ್ನನ್ನು ನೋಡುತ್ತಾರೆ. ನಾನು ನೋಡಿಸಿಕೊಳ್ಳುತ್ತೇನೆ.

ನಿನ್ನೆ ಸಂಜೆ ಬಸ್ಸಿಗೆ ಎದ್ದಾಗ, ಬೇವಿನ ಗಿಡದವರೆಗೆ ಬಂದು ನನ್ನ ಭುಜ ಹಿಡಿದು ನಿಲ್ಲಿಸಿದ.

"ನಾಳಿ ಲಗೂನ ಬರ್ರಿ ಸಾವ್ಕಾರ್ರ" ಎಂದ. "ನನ್ನ ಕತಿಯೊಳಗ ಇನ್ನ ನನಗ ಮಸ್ಕಿಗೆ ವರ್ಗಾನೇ ಆಗಿಲ್ಲ."